ಬಾಸ್ಟನ್ನಿನ ಹ್ಯಾಚ್ ಶೆಲ್: ನದಿ ದಂಡೆಯ ಉಚಿತ ಸಂಗೀತ ಕಚೇರಿಗಳಿಗೆ ನೆಲ ಕೊಟ್ಟವರು ಯಾರು?

ಆಲಾಪಿ:

ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕು ಹತ್ತಿರವಾದಂತೆ ಬಾಸ್ಟನ್ನಿನ ಬಯಲು ಸಂಗೀತರಂಗ ಹ್ಯಾಚ್ ಶೆಲ್ ಕುರಿತು ಒಂದೇ ಕಥೆ ಎಲ್ಲ ಕಡೆ ತಿರುಗತೊಡಗುತ್ತದೆ. 1929ರಲ್ಲಿ ಆರ್ಥರ್ ಫೀಡ್ಲರ್ ಎಂಬ ಛಲಗಾರರು ಚಾರ್ಲ್ಸ್ ನದಿಯ ದಂಡೆಯಲ್ಲಿ ಉಚಿತ ವಾದ್ಯವೃಂದ ಕಚೇರಿ ಆರಂಭಿಸಿದರು, ಊರಿಗೆ ಊರೇ ನೆರೆಯಿತು, ಮುಂದೆ ಅಲ್ಲಿ ಚಿಪ್ಪಿನಾಕಾರದ ರಂಗವೊಂದು ಎದ್ದಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಫೀಡ್ಲರ್ ವೇದಿಕೆ ಹಾಕಿಸಿದ ನೆಲ ಎಲ್ಲಿಂದ ಬಂತು ಎಂದು ಈ ಕಥೆ ಹೇಳುವವರು ಯಾರೂ ಕೇಳುವುದಿಲ್ಲ. ಅದಕ್ಕೂ ಕೆಲವೇ ದಶಕಗಳ ಹಿಂದೆ ಅಲ್ಲಿ ನೆಲವೇ ಇರಲಿಲ್ಲ.

ನನ್ನ ಮಟ್ಟಿಗೆ ಹ್ಯಾಚ್ ಶೆಲ್‌ನ ಇತಿಹಾಸವೆಂದರೆ ಸಂಗೀತಗಾರರ ಇತಿಹಾಸಕ್ಕಿಂತ ಹೆಚ್ಚಾಗಿ ದಾನಗಳ ಇತಿಹಾಸ. ಆ ದಾನಗಳ ಷರತ್ತುಗಳನ್ನು ಯಾರು ಪಾಲಿಸಿದರು, ಯಾರು ಮುರಿದರು ಎಂಬುದರ ಇತಿಹಾಸ. ಬಲ್ಲವರು ಬರೆಯಿರಿ.

ಪಿಟೀಲುಪ್ರಿಯ:

ಫೀಡ್ಲರ್ ಅವರನ್ನು ಇಷ್ಟು ಬೇಗ ಬದಿಗೆ ಸರಿಸಬೇಡಿ. ಅವರು ಬಾಸ್ಟನ್ನಿನಲ್ಲೇ 1894ರಲ್ಲಿ ಹುಟ್ಟಿದವರು, 1915ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದ ಸೇರಿದವರು. ವೃಂದದೊಳಗೆ ವಯೋಲಾ ನುಡಿಸುತ್ತ ಹಿಂದಿನ ಸಾಲಿನಲ್ಲೇ ಬದುಕು ಮುಗಿಸಬಹುದಿತ್ತು. ಆ ಕಾಲದಲ್ಲಿ ಸಿಂಫನಿ ಎಂದರೆ ಚಳಿಗಾಲದ ಸಭಾಂಗಣ, ಟಿಕೆಟ್ಟು, ಉಳ್ಳವರ ಉಡುಪು. ಬೇಸಿಗೆ ಬಂತೆಂದರೆ ವಾದಕರಿಗೆ ಕೆಲಸವೂ ತೆಳುವಾಗುತ್ತಿತ್ತು. ಈ ಎರಡು ಕೊರತೆಗಳನ್ನೂ ಒಟ್ಟಿಗೆ ನೀಗಬಹುದೆಂದು ಕಂಡವರು ಅವರು. ದುಡ್ಡಿದ್ದವರ ಮನೆ ಬಾಗಿಲು ತಟ್ಟಿ ದೇಣಿಗೆ ಎತ್ತಿ, 1929ರ ಜುಲೈ 4ರಂದು ಮರದ ತಾತ್ಕಾಲಿಕ ಚಿಪ್ಪಿನ ಕೆಳಗೆ ಮೊದಲ ಕಚೇರಿ ನಡೆಸಿದರು.

ಆ ವರ್ಷವನ್ನು ಗಮನಿಸಿ. ಅಕ್ಟೋಬರಿನಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ಮಹಾ ಆರ್ಥಿಕ ಕುಸಿತ ಶುರುವಾಯಿತು. ಕೈಯಲ್ಲಿ ಕಾಸಿಲ್ಲದ ಜನಕ್ಕೆ ಹುಲ್ಲಿನ ಮೇಲೆ ಕೂತು ಕೇಳುವ ಉಚಿತ ಸಂಗೀತ ಎಂಥ ಆಸರೆಯಾಗಿರಬಹುದು! 1930ರಲ್ಲಿ ಅವರು ಸಿಂಫನಿಯದೇ ಲಘು ಸಂಗೀತದ ಶಾಖೆಯಾದ ಬಾಸ್ಟನ್ ಪಾಪ್ಸ್‌ನ ನಿರ್ದೇಶಕರಾದರು, 1979ರಲ್ಲಿ ಸಾಯುವವರೆಗೂ ಆ ಕೋಲನ್ನು ಕೆಳಗಿಡಲಿಲ್ಲ. ಐವತ್ತು ವರ್ಷ. ನೆಲ ಯಾರಾದರೂ ಕೊಡಬಹುದು, ಅಲ್ಲಿ ಜನರನ್ನು ಕೂರಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಮಣ್ಣಳೆಯುವವ:

"ನೆಲ ಯಾರಾದರೂ ಕೊಡಬಹುದು" ಎಂಬ ಮಾತನ್ನು ಎಂಜಿನಿಯರ್ ಆಗಿ ಒಪ್ಪಲಾರೆ.

ಚಾರ್ಲ್ಸ್ ಆಗ ಸಮುದ್ರದ ಭರತ ಇಳಿತಕ್ಕೆ ಸಿಕ್ಕ ನದಿ. ನೀರು ಇಳಿದಾಗ ದಂಡೆಯುದ್ದಕ್ಕೂ ಕೆಸರು ಬಯಲು ತೆರೆದುಕೊಳ್ಳುತ್ತಿತ್ತು, ಅದರ ಮೇಲೆ ಊರಿನ ಚರಂಡಿ ನೀರು. ನದಿಗೆ ಬೆನ್ನು ಹಾಕಿ ಮನೆ ಕಟ್ಟುವುದೇ ಜಾಣತನವಾಗಿತ್ತು. ಇದನ್ನು ಬದಲಿಸಿದ್ದು 1910ರಲ್ಲಿ ಮುಗಿದ ಚಾರ್ಲ್ಸ್ ನದಿಯ ಅಣೆಕಟ್ಟು. ಅದು ಉಬ್ಬರದ ಉಪ್ಪು ನೀರನ್ನು ಹೊರಗೆ ತಡೆದು, ಮೇಲಿನ ಭಾಗವನ್ನು ಸದಾ ಒಂದೇ ಮಟ್ಟದಲ್ಲಿ ನಿಲ್ಲುವ ಸಿಹಿನೀರಿನ ಕೊಳವಾಗಿಸಿತು. ಆ ಅಣೆಕಟ್ಟಿಗಾಗಿ ಗಟ್ಟಿಯಾಗಿ ವಾದಿಸಿದವರಲ್ಲಿ ಮುಖ್ಯರು ಬ್ಯಾಂಕರ್ ಜೇಮ್ಸ್ ಸ್ಟಾರೋ.

ಅಣೆಕಟ್ಟಿನ ಜೊತೆಗೇ ದಂಡೆಯುದ್ದಕ್ಕೂ ಮಣ್ಣು ತುಂಬಿ ಗೋಡೆ ಕಟ್ಟಿ ವಿಹಾರಪಥ ಮಾಡಿದರು. ಅದು ಕಿರಿದು, ನೆರಳಿಲ್ಲದ್ದು, ಗಾಳಿಗೆ ಬಯಲಾದದ್ದು. ಜನ ಅಷ್ಟಾಗಿ ಬರಲಿಲ್ಲ. 1920ರ ದಶಕದ ಕೊನೆಯಿಂದ 1936ರವರೆಗೆ ನಡೆದ ಎರಡನೆಯ ಸುತ್ತಿನಲ್ಲಿ ಭೂದೃಶ್ಯ ವಿನ್ಯಾಸಕ ಆರ್ಥರ್ ಷರ್ಕ್ಲಿಫ್ ಅವರ ಯೋಜನೆಯಂತೆ ದಂಡೆಯನ್ನು ಅಗಲಿಸಿ, ಮರ ನೆಟ್ಟು, ದೋಣಿಗಳಿಗೆ ಅಲೆಯಿಂದ ಮರೆಯಾದ ಹೊಂಡವೊಂದನ್ನು ಮಾಡಿದರು. ನಾವು ಇಂದು ಎಸ್ಪ್ಲನೇಡ್ ಎಂದು ಕರೆಯುವುದು ಹೀಗೆ ರೂಪುಗೊಂಡದ್ದು. ಫೀಡ್ಲರ್ ಅವರ ಕೇಳುಗರು ಕೂತದ್ದು ನದಿಯೊಳಗೆ ತುಂಬಿದ ಮಣ್ಣಿನ ಮೇಲೆ.

ಆಲಾಪಿ:

ಮಣ್ಣಳೆಯುವವರು ನನ್ನ ಕೆಲಸ ಹಗುರ ಮಾಡಿದರು. ಈಗ ಆ ಎರಡನೆಯ ಸುತ್ತಿಗೆ ದುಡ್ಡು ಕೊಟ್ಟವರ ವಿಷಯ.

ಜೇಮ್ಸ್ ಸ್ಟಾರೋ 1926ರಲ್ಲಿ ತೀರಿಕೊಂಡರು. ಅವರ ಪತ್ನಿ ಹೆಲೆನ್ ಸ್ಟಾರೋ ಗಂಡನ ನೆನಪಿಗೆ ದಂಡೆಯ ಉದ್ಯಾನಕ್ಕೆಂದು ಹತ್ತು ಲಕ್ಷ ಡಾಲರ್ ಕೊಡಲು ಮುಂದಾದರು. 1929ರ ಹೊತ್ತಿನ ಹತ್ತು ಲಕ್ಷ! ಸರ್ಕಾರದ ಸಮಿತಿ ಅದೇ ಯೋಜನೆಯೊಳಗೆ ಮೆಲ್ಲಗೆ ಇನ್ನೊಂದನ್ನು ಸೇರಿಸಿತ್ತು. ಉದ್ಯಾನದ ಅಂಚಿನುದ್ದಕ್ಕೂ ಒಂದು ಹೆದ್ದಾರಿ. ಹೆಲೆನ್ ನೇರವಾಗಿ ವಿರೋಧಿಸಿದರು. ಶಾಸನಸಭೆ ಹೆದ್ದಾರಿಯನ್ನು ಕೈಬಿಟ್ಟಿತು, ದೇಣಿಗೆ ಸಂದಾಯವಾಯಿತು, 1936ರಲ್ಲಿ ಉದ್ಯಾನಕ್ಕೆ ಸ್ಟಾರೋ ಹೆಸರಿಟ್ಟು ಅರ್ಪಿಸಿದರು.

ಈಕೆ ಮನೆಯಲ್ಲಿ ಕೂತು ಚೆಕ್ಕಿಗೆ ಸಹಿ ಹಾಕುವ ಶ್ರೀಮಂತ ವಿಧವೆಯಾಗಿರಲಿಲ್ಲ ಎಂದು ಹೇಳಲೇಬೇಕು. ಗರ್ಲ್ ಸ್ಕೌಟ್ಸ್ ಚಳವಳಿಯ ದೊಡ್ಡ ನಾಯಕಿ. ಸ್ವಿಟ್ಜರ್ಲೆಂಡಿನ ಆಡೆಲ್‌ಬೋಡನ್‌ನಲ್ಲಿ ಇಂದಿಗೂ ನಡೆಯುತ್ತಿರುವ ಸ್ಕೌಟ್ ಹುಡುಗಿಯರ ಅಂತರರಾಷ್ಟ್ರೀಯ ತಂಗುಮನೆ ಆಕೆಯ ಕೊಡುಗೆ. ಹೆದ್ದಾರಿ ಬೇಡ ಎಂದದ್ದು ಹುಸಿ ಭಾವುಕತೆಯಿಂದಲ್ಲ. ಹೊರಾಂಗಣ ಎಂದರೇನು ಎಂದು ಆಕೆಗೆ ಗೊತ್ತಿತ್ತು.

ಹೆಲೆನ್ 1944ರಲ್ಲಿ ತೀರಿಕೊಂಡರು. 1949ರಲ್ಲಿ ಶಾಸನಸಭೆ ಜನರ ತೀವ್ರ ವಿರೋಧದ ನಡುವೆ ಅದೇ ಹೆದ್ದಾರಿಗೆ ಒಪ್ಪಿಗೆ ಕೊಟ್ಟಿತು. 1951ರಲ್ಲಿ ರಸ್ತೆ ತೆರೆಯಿತು. ಅದಕ್ಕಿಟ್ಟ ಹೆಸರೇನು ಗೊತ್ತೇ? ಜೇಮ್ಸ್ ಜೆ. ಸ್ಟಾರೋ ಮೆಮೋರಿಯಲ್ ಡ್ರೈವ್! ಹೆಂಡತಿ ತಡೆದ ರಸ್ತೆಗೆ ಗಂಡನ ಹೆಸರು. ಇಂಥ ನಾಚಿಕೆಗೇಡಿನ ಗೌರವ ಬೇರೆ ಯಾವ ಊರಿನಲ್ಲಾದರೂ ಸಂದಿದ್ದರೆ ತಿಳಿಸಿ.

ಚಕ್ರಧಾರಿ:

ಉದ್ಯಾನಪ್ರಿಯರ ಕಣ್ಣೀರು ನನಗೆ ಅರ್ಥವಾಗುತ್ತದೆ. ಆದರೆ ಆ ರಸ್ತೆಯಲ್ಲಿ ದಿನಕ್ಕೆ ಲಕ್ಷದ ಆಸುಪಾಸು ವಾಹನಗಳು ಓಡುತ್ತವೆ. ಅದಿಲ್ಲದಿದ್ದರೆ ಅವೆಲ್ಲ ಪಕ್ಕದ ಬ್ಯಾಕ್ ಬೇ ಬಡಾವಣೆಯ ಬೀದಿಗಳೊಳಗೆ ನುಗ್ಗುತ್ತಿದ್ದವು. ಮೇಲಾಗಿ, ರಸ್ತೆಗೆ ಹೋದ ಪಟ್ಟಿಗೆ ಬದಲಾಗಿ ನದಿಯೊಳಗೆ ಮತ್ತಷ್ಟು ಮಣ್ಣು ತುಂಬಿ ಹೊಸ ದ್ವೀಪಗಳನ್ನೂ ಕಾಲುವೆಗಳನ್ನೂ ಮಾಡಿಕೊಟ್ಟರಲ್ಲ? ಅದನ್ನೇಕೆ ಹೇಳಲಿಲ್ಲ?

ಮಣ್ಣಳೆಯುವವ:

ಮಾಡಿಕೊಟ್ಟರು ನಿಜ, ಇಂದು ಜನ ಮೆಚ್ಚುವ ಆ ಪುಟ್ಟ ದ್ವೀಪಗಳು ರಸ್ತೆಯ ಪರಿಹಾರವಾಗಿಯೇ ಬಂದವು. ವಿಸ್ತೀರ್ಣದ ಲೆಕ್ಕ ಸರಿಹೊಂದಬಹುದು. ಆದರೆ ಊರಿಗೂ ದಂಡೆಗೂ ಇದ್ದ ಸಂಬಂಧ ಕಡಿದುಹೋಯಿತು. ಮೊದಲು ಮನೆಯಿಂದ ಹೊರಬಿದ್ದು ಹುಲ್ಲಿನ ಮೇಲೆ ಕಾಲಿಡುತ್ತಿದ್ದ ಜಾಗಕ್ಕೆ ಈಗ ಕಾಲುಸೇತುವೆ ಹತ್ತಿ ಇಳಿಯಬೇಕು. ಹ್ಯಾಚ್ ಶೆಲ್ಲಿಗೆ ಒಯ್ಯುವ ಸೇತುವೆ 1954ರದ್ದು, ಅದಕ್ಕೆ ಫೀಡ್ಲರ್ ಹೆಸರಿದೆ. ಆಗ ಅವರಿನ್ನೂ ಬದುಕಿದ್ದರು.

ಉದ್ಯಾನದ ರಸ್ತೆ ಎಂದು ಕಟ್ಟಿದ್ದರಿಂದ ಅದರ ಮೇಲ್ಸೇತುವೆಗಳು ತಗ್ಗು. ಪ್ರತಿ ಸೆಪ್ಟೆಂಬರ್ ಮೊದಲ ವಾರ, ವಿದ್ಯಾರ್ಥಿಗಳು ಮನೆ ಬದಲಿಸುವ ಹೊತ್ತಿನಲ್ಲಿ, ಬಾಡಿಗೆ ಲಾರಿಗಳು ಎಚ್ಚರಿಕೆ ಫಲಕಗಳನ್ನೂ ಲೆಕ್ಕಿಸದೆ ನುಗ್ಗಿ ಸೇತುವೆಗೆ ಸಿಕ್ಕಿಕೊಂಡು ಮಾಳಿಗೆ ಕಿತ್ತುಕೊಳ್ಳುತ್ತವೆ. ಊರಿಗೆಲ್ಲ ಅದೊಂದು ವಾರ್ಷಿಕ ಮನರಂಜನೆ, ಅದೂ ಉಚಿತ.

ಪಿಟೀಲುಪ್ರಿಯ:

ಚಕ್ರಧಾರಿಗಳಿಗೆ ಒಂದು ಮಾತು. ಜುಲೈ 4ರಂದು ಅದೇ ಸ್ಟಾರೋ ಡ್ರೈವ್‌ನಲ್ಲಿ ವಾಹನ ಸಂಚಾರ ನಿಲ್ಲಿಸುತ್ತಾರೆ, ಜನ ಡಾಂಬರಿನ ಮೇಲೆ ಚಾಪೆ ಹಾಸಿ ಕೂರುತ್ತಾರೆ. ಹೆಲೆನ್ ಬೇಡಿದ್ದು ವರ್ಷಕ್ಕೊಂದು ದಿನ ದೊರೆಯುತ್ತದೆ.

ಉಯಿಲು:

ಎಲ್ಲರೂ ಹ್ಯಾಚ್ ಶೆಲ್ ಎನ್ನುತ್ತಿದ್ದೀರಿ, ಹ್ಯಾಚ್ ಯಾರೆಂದು ಯಾರೂ ಹೇಳಲಿಲ್ಲ. ಮರಿಯಾ ಹ್ಯಾಚ್ ಎಂಬಾಕೆ ತನ್ನ ಅಣ್ಣನೋ ತಮ್ಮನೋ ಆಗಿದ್ದ ಎಡ್ವರ್ಡ್ ನೆನಪಿಗೆ ಏನಾದರೂ ಕಟ್ಟಿ ಎಂದು ಉಯಿಲಿನಲ್ಲಿ ಹಣ ಬಿಟ್ಟುಹೋದರು. ಸಂಗೀತ, ಚಿಪ್ಪು ಯಾವುದೂ ಆಕೆಯ ಮನಸ್ಸಿನಲ್ಲಿರಲಿಲ್ಲ. 1929ರ ಮರದ ಚಿಪ್ಪಿನ ನಂತರ 1934ರಲ್ಲಿ ಲೋಹದ್ದೊಂದು ಬಂದಿತ್ತು, ಅದೂ ಶಾಶ್ವತವಲ್ಲ. ಕೊನೆಗೆ ಈ ಉಯಿಲಿನ ಹಣ ನದಿ ದಂಡೆಗೆ ಹರಿದು, 1940ರ ಜುಲೈನಲ್ಲಿ ಈಗಿರುವ ಚಿಪ್ಪು ತೆರೆಯಿತು. ವಾಸ್ತುಶಿಲ್ಪಿ ರಿಚರ್ಡ್ ಶಾ. ಆರ್ಟ್ ಡೆಕೊ ಶೈಲಿ, ಗೋಳದ ಕಾಲುಭಾಗದಂಥ ಆಕಾರ, ಒಳಮೈಗೆ ಮರ.

ಹಾಗಾಗಿ ಆಲಾಪಿಯವರ ದಾನದ ವಾದಕ್ಕೆ ಇನ್ನೊಂದು ಸಾಕ್ಷಿ ಸೇರಿಸಿಕೊಳ್ಳಿ. ಇಬ್ಬರು ಹೆಂಗಸರ ಹಣ, ಇಬ್ಬರು ಗಂಡಸರ ಹೆಸರು.

ನಾದಬಿಂದು:

ಧ್ವನಿ ವ್ಯವಸ್ಥೆಯ ಕೆಲಸದಲ್ಲಿರುವವನು ನಾನು, ಚಿಪ್ಪಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಚಿಪ್ಪು ಸಂಗೀತವನ್ನು ದೂರಕ್ಕೆ ಎಸೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದರ ಮೊದಲ ಉಪಯೋಗ ಬೇರೆ. ಬಯಲಿನಲ್ಲಿ ಕೂತ ವಾದಕರಿಗೆ ಪಕ್ಕದವರು ನುಡಿಸಿದ್ದೇ ಕೇಳಿಸುವುದಿಲ್ಲ, ಧ್ವನಿ ಎದ್ದು ಆಕಾಶಕ್ಕೆ ಹೋಗಿಬಿಡುತ್ತದೆ. ಹಿಂದೊಂದು ಗೋಡೆ, ತಲೆ ಮೇಲೊಂದು ಬಾಗು ಇದ್ದರೆ ವೃಂದ ತನ್ನನ್ನು ತಾನು ಕೇಳಿಸಿಕೊಳ್ಳುತ್ತದೆ, ತಾಳ ಕೂಡುತ್ತದೆ. ಕೇಳುಗರ ಕಡೆಗೆ ತಿರುಗುವ ಧ್ವನಿ ಎರಡನೆಯ ಲಾಭ. ಒಳಬಾಗಿದ ಮೈಗೆ ಒಂದು ಚಾಳಿಯಿದೆ, ಧ್ವನಿಯನ್ನು ಒಂದೇ ಬಿಂದುವಿಗೆ ಕೂಡಿಸಿಬಿಡುತ್ತದೆ. ಒಳಮೈಯನ್ನು ನುಣುಪಾಗಿ ಬಿಡದೆ ಮೆಟ್ಟಿಲು ಮೆಟ್ಟಿಲಾದ ಕಮಾನುಗಳಾಗಿ ಒಡೆದರೆ ಈ ಕಾಟ ತಗ್ಗುತ್ತದೆ.

ಇಷ್ಟಾದರೂ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಯಾವ ಚಿಪ್ಪೂ ಲಕ್ಷ ಜನರಿಗೆ ಪಿಟೀಲು ಕೇಳಿಸಲಾರದು. ಧ್ವನಿವರ್ಧಕ ಬೇಕೇ ಬೇಕು, ಬರೀ ಮುಂದಿಟ್ಟರೆ ಸಾಲದು, ದಂಡೆಯುದ್ದಕ್ಕೂ ಕಂಬ ಕಂಬಕ್ಕೆ ಬೇಕು. ಧ್ವನಿ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ, ತಂತಿಯಲ್ಲಿ ಹೋಗುವ ಸಂಕೇತ ಕ್ಷಣಮಾತ್ರದಲ್ಲಿ ತಲುಪುತ್ತದೆ. ವೇದಿಕೆಯಿಂದ ನೂರು ಮೀಟರ್ ದೂರದ ಕಂಬದ ಧ್ವನಿಯನ್ನು ಸುಮಾರು 0.29 ಸೆಕೆಂಡು ತಡೆದು ಬಿಡದಿದ್ದರೆ ಅಲ್ಲಿ ಕೂತವರಿಗೆ ಪ್ರತಿ ಸ್ವರವೂ ಎರಡು ಬಾರಿ ಕೇಳುತ್ತದೆ.

ನೀರು ಪಕ್ಕದಲ್ಲಿರುವುದರಿಂದ ಇನ್ನೊಂದು ಚೋದ್ಯ. ಸಂಜೆ ನೀರಿನ ಮೇಲಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗೆ ಉಳಿದರೆ ಧ್ವನಿ ಕೆಳಕ್ಕೆ ಬಾಗುತ್ತದೆ, ನದಿಯಾಚೆ ಕೇಂಬ್ರಿಜ್‌ನಲ್ಲಿ ಕೂತವರಿಗೂ ಸ್ಪಷ್ಟವಾಗಿ ತಲುಪುತ್ತದೆ. ಸುಡುಬಿಸಿಲಿನಲ್ಲಿ ತದ್ವಿರುದ್ಧ, ಧ್ವನಿ ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ಚಕ್ರಧಾರಿಗಳ ಲಕ್ಷ ವಾಹನಗಳ ಮೊರೆತವೂ ಇದೇ ನಿಯಮ ಪಾಲಿಸುತ್ತದೆ. ಕಚೇರಿ ಶುರುವಾಗುವ ಸಂಜೆ ಹೊತ್ತಿಗೇ ಅದೂ ಚೆನ್ನಾಗಿ ಕೇಳತೊಡಗುತ್ತದೆ! 1940ರಲ್ಲಿ ಚಿಪ್ಪು ಕಟ್ಟಿದವರ ಲೆಕ್ಕದಲ್ಲಿ ಪಕ್ಕದ ಹೆದ್ದಾರಿ ಇರಲಿಲ್ಲ.

ಹಳೆಯ ರೇಡಿಯೊ:

ಈಗಿನವರಿಗೆ ಹ್ಯಾಚ್ ಶೆಲ್ ಎಂದರೆ ಬಾಣಬಿರುಸು. ಅದು 1974ಕ್ಕೆ ಮುಂಚೆ ಈ ರೂಪದಲ್ಲಿ ಇರಲಿಲ್ಲ. ಆ ವೇಳೆಗೆ ಜುಲೈ 4ರ ಕಚೇರಿಗೆ ಬರುವ ಜನ ಕಡಿಮೆಯಾಗಿದ್ದರು. ಡೇವಿಡ್ ಮ್ಯೂಗರ್ ಎಂಬ ಉದ್ಯಮಿ ಫೀಡ್ಲರ್ ಅವರಿಗೆ ಒಂದು ಸಲಹೆ ಕೊಟ್ಟರು. ಚೈಕೋವ್ಸ್ಕಿಯ '1812' ಪೀಠಿಕಾ ಸಂಗೀತವನ್ನು ನಿಜವಾದ ತೋಪು, ನಿಜವಾದ ಚರ್ಚಿನ ಗಂಟೆ, ಬಾಣಬಿರುಸಿನೊಂದಿಗೆ ನುಡಿಸೋಣ ಎಂದು. ಅಲ್ಲಿಂದ ಊರು ಮತ್ತೆ ದಂಡೆಗೆ ಇಳಿಯಿತು. 1976ರಲ್ಲಿ ದೇಶದ ಇನ್ನೂರನೆಯ ವರ್ಷದ ಕಚೇರಿಗೆ ಬಂದವರು ಅಂದಾಜು ನಾಲ್ಕು ಲಕ್ಷ. ಶಾಸ್ತ್ರೀಯ ಸಂಗೀತ ಕಚೇರಿಗೆ ನೆರೆದ ಅತಿದೊಡ್ಡ ಸಭೆ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ಗಂಟೆಗಳು ಇಂದಿಗೂ ಹತ್ತಿರದ ಅಡ್ವೆಂಟ್ ಚರ್ಚಿನವೇ.

ಮ್ಯೂಗರ್ ನಾಲ್ಕು ದಶಕ ಇದನ್ನು ಹೊತ್ತು ನಡೆಸಿ 2016ರ ಕಾರ್ಯಕ್ರಮದ ನಂತರ ಬಿಟ್ಟುಕೊಟ್ಟರು. 2022ರಲ್ಲಿ ತೀರಿಕೊಂಡರು. ಈ ದಾನಿಯ ಷರತ್ತು ಒಂದೇ, ಪ್ರವೇಶ ಉಚಿತವಿರಲಿ ಎಂಬುದು. ಅದನ್ನಂತೂ ಯಾರೂ ಮುರಿದಿಲ್ಲ.

ಪಿಟೀಲುಪ್ರಿಯ:

ರಷ್ಯನ್ನರು ನೆಪೋಲಿಯನ್ನನನ್ನು ಹಿಮ್ಮೆಟ್ಟಿಸಿದ ಸಂಭ್ರಮಕ್ಕೆ ಬರೆದ, 1882ರಲ್ಲಿ ಮಾಸ್ಕೋದಲ್ಲಿ ಮೊದಲು ನುಡಿಸಿದ ಕೃತಿ ಅಮೆರಿಕದ ಸ್ವಾತಂತ್ರ್ಯ ದಿನದ ಗುರುತಾದದ್ದು ಹ್ಯಾಚ್ ಶೆಲ್‌ನಿಂದಲೇ. 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ನಡೆದಿತ್ತಲ್ಲ, ಅದರ ಬಗ್ಗೆಯೇ ಇದು ಎಂದು ನಂಬಿದ ಬಾಸ್ಟನ್ನಿಗರನ್ನು ಕಂಡಿದ್ದೇನೆ. ತಿದ್ದಲು ಹೋಗಿಲ್ಲ. ತೋಪು ಹಾರುವಾಗ ಇತಿಹಾಸದ ಪಾಠ ಯಾರಿಗೆ ಬೇಕು?

ಆದರೆ ಸಂಗೀತದ ದೃಷ್ಟಿಯಿಂದ ಒಂದು ಬೇಸರ ಇದ್ದೇ ಇದೆ. ನಾಲ್ಕು ಲಕ್ಷ ಜನರಲ್ಲಿ ನಡುವಿನ ಕೃತಿಗಳನ್ನು ಆಲಿಸಿದವರೆಷ್ಟು? ಬಾಣಬಿರುಸಿಗೆ ಕಾಯುವ ಜನಕ್ಕೆ ವಾದ್ಯವೃಂದ ಹೊತ್ತು ಕಳೆಯುವ ಸಾಧನವಾಯಿತು.

ಹಳೆಯ ರೇಡಿಯೊ:

ಕಾಯುತ್ತಲೇ ಕೇಳುತ್ತಾರೆ. ಫೀಡ್ಲರ್ ಅವರಿಗೆ ಅದು ಗೊತ್ತಿತ್ತು, ಹಾಡಿನ ಧಾಟಿಗಳನ್ನೂ ಸಿಂಫನಿಯನ್ನೂ ಒಂದೇ ಸಂಜೆಯಲ್ಲಿ ಪೋಣಿಸಿ ಪಂಡಿತರ ಬೈಗುಳ ತಿಂದವರು ಅವರು. ಅವರ ನಂತರ ಬಂದ ಜಾನ್ ವಿಲಿಯಮ್ಸ್, 1995ರಿಂದ ಇರುವ ಕೀತ್ ಲಾಕ್‌ಹಾರ್ಟ್ ಕೂಡ ಆ ದಾರಿ ಬಿಟ್ಟಿಲ್ಲ.

ಚಕ್ರಧಾರಿ:

1994ರ ಗ್ರೀನ್ ಡೇ ರಾಕ್ ತಂಡದ ಪ್ರಸಂಗ ಬೇಕೆಂದೇ ಬಿಟ್ಟಿದ್ದೀರಾ?

ಉಯಿಲು:

ಬಿಟ್ಟಿಲ್ಲ, ಬಾರಿ ಬಂದಿರಲಿಲ್ಲ. 1994ರ ಸೆಪ್ಟೆಂಬರ್ 9. ಸ್ಥಳೀಯ ರೇಡಿಯೊ ಕೇಂದ್ರವೊಂದು ಉಚಿತ ರಾಕ್ ಕಚೇರಿ ಏರ್ಪಡಿಸಿತ್ತು. ತಂಡವನ್ನು ಗೊತ್ತುಮಾಡಿದಾಗ ಅದು ಇನ್ನೂ ಬೆಳೆಯುತ್ತಿದ್ದ ತಂಡ. ಅಷ್ಟರಲ್ಲಿ ಆ ವರ್ಷದ ಆಲ್ಬಂ ಸ್ಫೋಟಿಸಿತು, ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಜನರೂ ತಂಡವೂ ನಿಜಕ್ಕೂ ಕೆಸರೆರಚಾಡಿದ್ದು ದೇಶಕ್ಕೆಲ್ಲ ಕಂಡಿತು. ದಂಡೆಗೆ ಬಂದವರು ಅಂದಾಜು ಎಪ್ಪತ್ತು ಸಾವಿರ ಎನ್ನುತ್ತಾರೆ. ತಡೆಬೇಲಿಗಳು ತಾಳಲಿಲ್ಲ, ಕೆಲವೇ ಹಾಡುಗಳಾಗುವಷ್ಟರಲ್ಲಿ ಕಚೇರಿ ನಿಲ್ಲಿಸಿದರು, ಪೊಲೀಸರೊಂದಿಗೆ ಘರ್ಷಣೆಯಾಯಿತು, ಹಲವರ ಬಂಧನವಾಯಿತು.

ಇದನ್ನು ರಾಕ್ ಸಂಗೀತದ ತಪ್ಪೆಂದು ಹೇಳುವವರ ಜೊತೆ ನನ್ನ ಜಗಳವಿದೆ. ಇದಕ್ಕಿಂತ ಎಷ್ಟೋ ಪಟ್ಟು ಜನ ಪ್ರತಿ ಜುಲೈನಲ್ಲಿ ಅದೇ ಹುಲ್ಲಿನ ಮೇಲೆ ಕೂತು ಎದ್ದು ಹೋಗುತ್ತಾರೆ. ವ್ಯತ್ಯಾಸ ಇರುವುದು ಸಿದ್ಧತೆಯಲ್ಲಿ. ಒಂದು ಕಡೆ ನದಿ, ಇನ್ನೊಂದು ಕಡೆ ಹೆದ್ದಾರಿ, ನಡುವೆ ಪಟ್ಟಿ ನೆಲ, ಹೊರಬೀಳಲು ಕಾಲುಸೇತುವೆಗಳು. ಅಂಥಲ್ಲಿ ನೂಕುನುಗ್ಗಲಾದರೆ ಓಡುವುದೆಲ್ಲಿಗೆ? ಇಲ್ಲೂ ಆ ರಸ್ತೆಯೇ ಅಡ್ಡ ನಿಂತಿದೆ.

ನಾದಬಿಂದು:

ದೂರದರ್ಶನದ ಕಥೆಯೂ ಒಂದಿದೆ. 2011ರ ನೇರಪ್ರಸಾರದಲ್ಲಿ ಬಾಣಬಿರುಸು ಫೆನ್ವೇ ಕ್ರೀಡಾಂಗಣದ ಹಿಂದೆ, ರಾಜ್ಯ ಶಾಸನ ಭವನದ ಹಿಂದೆ ಅರಳುವುದನ್ನು ದೇಶವೆಲ್ಲ ನೋಡಿತು. ಬಾಸ್ಟನ್ನಿಗರು ಮಾತ್ರ ಹುಬ್ಬೇರಿಸಿದರು, ಬಾಣಬಿರುಸು ಹಾರುವುದು ಚಾರ್ಲ್ಸ್ ನದಿಯ ದೋಣಿಗಳಿಂದ, ಆ ಕೋನಗಳಲ್ಲಿ ಕಾಣುವುದೇ ಅಸಾಧ್ಯ. ಕಟ್ಟಡಗಳ ಚಿತ್ರದ ಮೇಲೆ ಬಾಣಬಿರುಸನ್ನು ಅಂಟಿಸಿದ್ದರು.

ಮಳೆ ಗಾಳಿಗೂ ಈ ರಂಗ ಬಯಲೇ. 2014ರಲ್ಲಿ ಚಂಡಮಾರುತ ಬರುತ್ತಿದೆಯೆಂದು ಕಚೇರಿಯನ್ನು ಜುಲೈ 3ಕ್ಕೆ ತಂದು, ಅದನ್ನೂ ಮೊಟಕು ಮಾಡಿದರು. ಆ ಚಂಡಮಾರುತದ ಹೆಸರು ಆರ್ಥರ್! 2020ರಲ್ಲಿ ಕೋವಿಡ್‌ನಿಂದ ರದ್ದಾಯಿತು, 2021ರಲ್ಲಿ ಪಾಪ್ಸ್ ವೃಂದ ರಾಜ್ಯದ ಪಶ್ಚಿಮದ ಟ್ಯಾಂಗಲ್‌ವುಡ್‌ನಲ್ಲಿ ನುಡಿಸಿತು, ಚಿಪ್ಪು ಖಾಲಿ ಉಳಿಯಿತು.

ಹೊಸಬ:

ಎಲ್ಲರೂ ಜುಲೈ 4ರ ಸುತ್ತಲೇ ಸುತ್ತುತ್ತಿದ್ದೀರಿ. ನಾನು ಬಾಸ್ಟನ್ನಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಆ ಜನಜಂಗುಳಿ ಬೇಡ, ಸುಮ್ಮನೆ ಸಂಗೀತ ಕೇಳಬೇಕೆನ್ನುವವರಿಗೆ ಅಲ್ಲಿ ಏನಿದೆ?

ಪಿಟೀಲುಪ್ರಿಯ:

ಬೇಸಿಗೆಯ ಬುಧವಾರ ಸಂಜೆ ಹೋಗಿ. ಬಾಸ್ಟನ್ ಲ್ಯಾಂಡ್‌ಮಾರ್ಕ್ಸ್ ಆರ್ಕೆಸ್ಟ್ರಾ ಅಲ್ಲಿ ಉಚಿತವಾಗಿ ನುಡಿಸುತ್ತದೆ. 2001ರಲ್ಲಿ ಚಾರ್ಲ್ಸ್ ಆನ್ಸ್‌ಬಾಕರ್ ಕಟ್ಟಿದ ವೃಂದ ಅದು. ತೋಪಿಲ್ಲ, ಟಿವಿ ಇಲ್ಲ. ಫೀಡ್ಲರ್ ಕಂಡ 1929ರ ಕನಸಿಗೆ ಜುಲೈ 4ಕ್ಕಿಂತ ಈ ಬುಧವಾರಗಳೇ ಹತ್ತಿರ ಎಂದು ನನ್ನ ಅನಿಸಿಕೆ. ಬೇಗ ಹೋದರೆ ದಂಡೆಯಲ್ಲಿರುವ ಫೀಡ್ಲರ್ ತಲೆಯನ್ನೂ ನೋಡಿ. 1984ರಲ್ಲಿ ರಾಲ್ಫ್ ಹೆಲ್ಮಿಕ್ ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಬೃಹತ್ ಶಿಲ್ಪ. ಹತ್ತಿರ ನಿಂತರೆ ಬರೀ ಪದರಗಳು, ದೂರ ಸರಿದಾಗ ಮುಖ ಮೂಡುತ್ತದೆ.

ಆಲಾಪಿ:

ಹೊಸಬರೇ, ಚಿಪ್ಪಿನ ಗೋಡೆಗಳ ಮೇಲೆ ಕೆತ್ತಿದ ಸಂಗೀತ ರಚನಕಾರರ ಹೆಸರುಗಳನ್ನೂ ಓದಿ. ಬಾಖ್, ಬೀಥೋವನ್, ಶೋಪಿನ್ ಎಲ್ಲ ಇದ್ದಾರೆ. 1940ರಿಂದ ಅರವತ್ತು ವರ್ಷ ಅಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. 2000ದಲ್ಲಿ ಏಮಿ ಬೀಚ್ ಹೆಸರು ಸೇರಿಸಿದರು. ಅದೇ ಊರಿನಲ್ಲಿ ಬಾಳಿದಾಕೆ. ಆಕೆಯ 'ಗೇಲಿಕ್ ಸಿಂಫನಿ'ಯನ್ನು ಬಾಸ್ಟನ್ ಸಿಂಫನಿ 1896ರಲ್ಲೇ ನುಡಿಸಿತ್ತು, ಅಂದರೆ ಫೀಡ್ಲರ್ ಎರಡು ವರ್ಷದ ಮಗುವಾಗಿದ್ದಾಗ.

ಉಯಿಲು:

ಹೆಲೆನ್ ಸ್ಟಾರೋ ಹೆಸರಿನಲ್ಲಿ ಏನಾದರೂ ಇದೆಯೇ ಎಂದು ಹೊಸಬರು ಕೇಳುವ ಮೊದಲೇ ನಾನು ಚಕ್ರಧಾರಿಗಳನ್ನು ಕೇಳುತ್ತೇನೆ. ಆ ರಸ್ತೆಯ ಹೆಸರನ್ನಾದರೂ ಬದಲಿಸಲು ನಿಮ್ಮ ಒಪ್ಪಿಗೆ ಇದೆಯೇ?

ಚಕ್ರಧಾರಿ:

ಹೆಸರು ಬೇಕಾದರೆ ಬದಲಿಸಿ. ರಸ್ತೆ ಬಿಡುವುದಿಲ್ಲ. ಬುಧವಾರ ನಾನೂ ಬರುತ್ತೇನೆ, ಕಾರಿನಲ್ಲೇ.

ನಾದಬಿಂದು:

ಬರುವುದಾದರೆ ಧ್ವನಿ ನಿಯಂತ್ರಣದ ಮೇಜಿನ ಹಿಂದೆಯೇ ಕೂರಿ. ಅಲ್ಲಿ ಕೇಳುವುದನ್ನೇ ತಂತ್ರಜ್ಞರು ಸರಿಪಡಿಸುತ್ತಿರುತ್ತಾರೆ. ರಸ್ತೆಯ ಬದಿಗೆ ಮಾತ್ರ ಕೂರಬೇಡಿ.